ಶಾಲೆಯ ಒತ್ತಡ ಮನೆಯೊಳಗೆ ಬರುವುದು ಹೇಗೆ?

"ಶಾಲೇಲಿ ಅಷ್ಟೊಂದು ಮಕ್ಕಳನ್ನ ಸಂಭಾಳಿಸ್ತೀಯ. ಮನೇಲಿ ಒಂದು ಮಗು ಜೊತೆ ಹತ್ತು ನಿಮಿಷ ಕೂರೋಕೆ ಆಗಲ್ವಾ?"

ಪಾಠ ಹೇಳುವ ಕೆಲಸದಲ್ಲಿ ಇರುವವರು ಮನೆಯಲ್ಲಿ ಒಂದಲ್ಲ ಒಂದು ದಿನ ಕೇಳಿಸಿಕೊಳ್ಳುವ ಮಾತು ಇದು. ಕೇಳುವವರ ಕಡೆಯಿಂದ ನೋಡಿದರೆ ನ್ಯಾಯವಾದ ಪ್ರಶ್ನೆಯೇ. ಕೇಳಿಸಿಕೊಂಡವರಿಗೆ ಮಾತ್ರ ಉತ್ತರ ಹೊಳೆಯುವುದಿಲ್ಲ. ಯಾಕೆಂದರೆ ಅವರಿಗೂ ಅದು ಅರ್ಥವಾಗಿರುವುದಿಲ್ಲ. ಬೆಳಗ್ಗೆ ತರಗತಿಯಲ್ಲಿ ಒಂದೇ ಲೆಕ್ಕವನ್ನು ನಾಲ್ಕು ಸಲ ಸಮಾಧಾನವಾಗಿ ಬಿಡಿಸಿ ತೋರಿಸಿದ್ದೆ. ಸಂಜೆ ನನ್ನದೇ ಮಗು ಎರಡನೇ ಸಲ ಕೇಳಿದ್ದಕ್ಕೆ ಯಾಕೆ ರೇಗಿದೆ?

ಈ ಪ್ರಶ್ನೆಗೆ ಉತ್ತರ ಇದೆ. ಶಿಕ್ಷಕರ ಒತ್ತಡದ ಬಗ್ಗೆ 1970ರ ದಶಕದಿಂದ ಅಧ್ಯಯನಗಳು ನಡೆಯುತ್ತಾ ಬಂದಿವೆ. ಕೆಲಸದ ಒತ್ತಡ ಮನೆಯವರನ್ನು ಹೇಗೆ ತಟ್ಟುತ್ತದೆ ಎಂಬುದನ್ನೂ ಮನಶ್ಶಾಸ್ತ್ರಜ್ಞರು ಬೇರೆಯಾಗಿ ಹುಡುಕಿದ್ದಾರೆ. ಎರಡನ್ನೂ ಜೋಡಿಸಿ ನೋಡಿದರೆ, ಮನೆಯಲ್ಲಿ ನಡೆಯುವ ಎಷ್ಟೋ ಜಗಳಗಳ ಮೂಲ ಮನೆಯಲ್ಲಿ ಇಲ್ಲ ಎಂಬುದು ಕಾಣುತ್ತದೆ.

ಒತ್ತಡ ಯಾವುದು, ಬರ್ನ್‌ಔಟ್ ಯಾವುದು

ಎದುರಿಗಿರುವ ಕೆಲಸ ನಮ್ಮ ಕೈಲಾಗುವುದಕ್ಕಿಂತ ಜಾಸ್ತಿ ಅನ್ನಿಸಿದಾಗ ದೇಹವೂ ಮನಸ್ಸೂ ಎಚ್ಚರದ ಸ್ಥಿತಿಗೆ ಹೋಗುತ್ತವೆ. ಇದೇ ಒತ್ತಡ. ಅಡ್ರಿನಲಿನ್, ಕಾರ್ಟಿಸಾಲ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಹೆಗಲು ಕತ್ತು ಬಿಗಿಯುತ್ತವೆ, ಗಮನವೆಲ್ಲ ತೊಂದರೆಯ ಮೇಲೇ ನೆಟ್ಟಿರುತ್ತದೆ. ಸ್ವಲ್ಪ ಹೊತ್ತಿಗಾದರೆ ಇದರಿಂದ ಉಪಕಾರವೇ. ಕೆಲಸ ಮುಗಿದ ಮೇಲೆ ದೇಹ ಮೊದಲಿನ ಸ್ಥಿತಿಗೆ ಮರಳಬೇಕು, ಅಷ್ಟೇ. ಮರಳಲು ಪುರುಸೊತ್ತೇ ಸಿಗದೆ ದಿನದ ಮೇಲೆ ದಿನ ಹೀಗೇ ಹೋದರೆ ಕಷ್ಟ ಶುರುವಾಗುತ್ತದೆ.

ಹಾಗೆ ತಿಂಗಳುಗಟ್ಟಲೆ ಮುಂದುವರಿದಾಗ ಬರುವ ಸ್ಥಿತಿಗೆ ಬರ್ನ್‌ಔಟ್ ಎಂಬ ಹೆಸರಿದೆ. 1974ರಲ್ಲಿ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಈ ಪದವನ್ನು ಅಧ್ಯಯನಕ್ಕೆ ತಂದರು. ಆಮೇಲೆ ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಇದಕ್ಕೆ ಮೂರು ಗುರುತು ಹೇಳಿದರು. ಒಂದು, ಮನಸ್ಸು ಪೂರ್ತಿ ಬರಿದಾದಂಥ ಸುಸ್ತು. ಎರಡು, ಎದುರಿಗಿರುವ ಮಕ್ಕಳ ಬಗ್ಗೆ ಏನೂ ಅನ್ನಿಸದಿರುವುದು. ಮೂರು, 'ನಾನು ಮಾಡಿದ್ದರಿಂದ ಯಾರಿಗೂ ಏನೂ ಆಗಲಿಲ್ಲ' ಎಂಬ ಭಾವನೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಎಂದು ರೋಗಗಳನ್ನು ವರ್ಗೀಕರಿಸುವ ತನ್ನ ಪಟ್ಟಿಯಲ್ಲಿ ವಿವರಿಸಿತು, ಕಾಯಿಲೆ ಎಂದು ಕರೆಯಲಿಲ್ಲ. ಈ ವ್ಯತ್ಯಾಸ ಗಮನಿಸಬೇಕಾದದ್ದು. ಕಾಯಿಲೆ ಅಂದರೆ ಬರೀ ಆ ವ್ಯಕ್ತಿಯನ್ನು ನೋಡುತ್ತೇವೆ. ಕೆಲಸದ ಸ್ಥಿತಿ ಅಂದಾಗ ಕೆಲಸವನ್ನೂ ನೋಡಬೇಕಾಗುತ್ತದೆ.

ಒತ್ತಡ ಇರುವವರೆಲ್ಲ ಬರ್ನ್‌ಔಟ್ ತನಕ ಹೋಗುವುದಿಲ್ಲ. ಆದರೆ ಮನೆಗೆ ತಟ್ಟಲು ಬರ್ನ್‌ಔಟ್ ಆಗಲೇಬೇಕು ಎಂದೇನಿಲ್ಲ. ದಿನದಿನದ ಮಾಮೂಲಿ ಒತ್ತಡವೇ ಸಾಕು.

ತರಗತಿಯಲ್ಲಿ ಖರ್ಚಾಗುವುದು ಏನು?

ಹೊರಗಿನಿಂದ ನೋಡುವವರಿಗೆ ಪಾಠ ಹೇಳುವುದು ಮಾತಾಡುವ ಕೆಲಸದಂತೆ ಕಾಣುತ್ತದೆ. ಒಂದು ಪೀರಿಯಡ್ ಒಳಗೆ ಹೋಗಿ ನೋಡಿ. ಟೀಚರ್ ಬೋರ್ಡಿನ ಮೇಲೆ ಬರೆಯುತ್ತಿದ್ದಾರೆ. ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿದೆ. ಒಬ್ಬ ನೋಟ್‌ಬುಕ್ ತಂದಿಲ್ಲ. ಒಬ್ಬಳು ಹೊರಗೆ ಹೋಗಲು ಕೇಳುತ್ತಿದ್ದಾಳೆ. ಕಿಟಕಿ ಪಕ್ಕದ ಹುಡುಗ ಬೆಳಗ್ಗೆಯಿಂದ ಮಂಕಾಗಿದ್ದಾನೆ, ಏನಾಯಿತೋ ವಿಚಾರಿಸಬೇಕು. ಅಷ್ಟರಲ್ಲಿ ಆಫೀಸಿನಿಂದ ಸುತ್ತೋಲೆ ಬಂತು, ಓದಿ ಸಹಿ ಹಾಕಬೇಕು. ಬರೆಯುತ್ತಿದ್ದ ವಾಕ್ಯವೂ ತಪ್ಪಬಾರದು. ಇಷ್ಟೂ ಎರಡು ಮೂರು ನಿಮಿಷದಲ್ಲಿ ಆಗುತ್ತದೆ. ಗಂಟೆ ಹೊಡೆಯುವ ತನಕ ಇದೇ ಕಥೆ.

ಅಮೆರಿಕದ ಶಿಕ್ಷಣ ತಜ್ಞ ಫಿಲಿಪ್ ಜಾಕ್ಸನ್ ಪ್ರಾಥಮಿಕ ಶಾಲೆಯ ತರಗತಿಗಳಲ್ಲಿ ಕೂತು ಗಮನಿಸಿ, 1968ರಲ್ಲಿ ಒಂದು ಲೆಕ್ಕ ಕೊಟ್ಟರು. ಒಬ್ಬ ಟೀಚರ್ ಒಂದು ದಿನದಲ್ಲಿ ಮಕ್ಕಳ ಜೊತೆ ನಡೆಸುವ ಮಾತು, ಸನ್ನೆ, ಉತ್ತರ ಎಲ್ಲ ಸೇರಿ 1000ದವರೆಗೂ ಹೋಗುತ್ತದೆ. ಪ್ರತಿಯೊಂದರಲ್ಲೂ ಒಂದು ಸಣ್ಣ ತೀರ್ಮಾನ ಇರುತ್ತದೆ. ಗದರಬೇಕಾ, ಬಿಡಬೇಕಾ, ನಗಬೇಕಾ, ಕಾಯಬೇಕಾ?

ಇದರ ಜೊತೆಗೆ ಹೊರಗೆ ಕಾಣದ ಇನ್ನೊಂದು ದುಡಿಮೆ ಇದೆ. 1983ರಲ್ಲಿ ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ಅದನ್ನು ಭಾವನೆಯ ದುಡಿಮೆ ಎಂದು ಕರೆದರು. ಅವರು ಮುಖ್ಯವಾಗಿ ನೋಡಿದ್ದು ವಿಮಾನದಲ್ಲಿ ಕೆಲಸ ಮಾಡುವವರನ್ನು. ಒಳಗೆ ಏನೇ ಅನ್ನಿಸುತ್ತಿದ್ದರೂ ಕೆಲಸಕ್ಕೆ ತಕ್ಕ ಭಾವನೆಯನ್ನು ಮುಖದ ಮೇಲೆ ಇಟ್ಟುಕೊಳ್ಳುವುದು ಇದರ ಸಾರ. ಟೀಚರ್ ಕೆಲಸಕ್ಕೆ ಇದು ಪೂರ್ತಿ ಹೊಂದುತ್ತದೆ. ಕೋಪ ಬಂದಿದೆ, ತೋರಿಸುವಂತಿಲ್ಲ. ಅಳು ಬಂದಿದೆ, ತರಗತಿಯಲ್ಲಿ ಅಳುವಂತಿಲ್ಲ. ಉತ್ಸಾಹ ಇಲ್ಲ, ಆದರೂ ಉತ್ಸಾಹದಿಂದಲೇ ಪಾಠ ಶುರು ಮಾಡಬೇಕು.

ಇದರಲ್ಲಿ ಎರಡು ಬಗೆ. ಒಳಗಿನ ಭಾವನೆ ಹಾಗೇ ಇದ್ದು ಮುಖ ಮಾತ್ರ ನಗುವುದು ಒಂದು. 'ಪಾಪ, ಈ ಮಗುವಿಗೆ ಮನೆಯಲ್ಲಿ ಏನೋ ತೊಂದರೆ ಇರಬೇಕು' ಎಂದು ಯೋಚಿಸಿ ಒಳಗಿನ ಭಾವನೆಯನ್ನೇ ಬದಲಾಯಿಸಿಕೊಳ್ಳುವುದು ಇನ್ನೊಂದು. ಬರೀ ಮುಖದ ನಗು ಜಾಸ್ತಿ ದಣಿಸುತ್ತದೆ ಎಂಬುದನ್ನು ಬೇರೆ ಬೇರೆ ಉದ್ಯೋಗಗಳ ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ.

ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ ಅನ್ನಿಸುತ್ತದೆ ನನಗೆ. ತಾಳ್ಮೆ ಅನ್ನುವುದು ಟೀಚರ್‌ಗೆ ಬರೀ ಸ್ವಭಾವ ಅಲ್ಲ, ದಿನವಿಡೀ ಮಾಡುವ ಕೆಲಸ. ಮೂಟೆ ಹೊರುವವರು ಮನೆಗೆ ಬಂದು ತೋಳು ನೋವು ಅಂದರೆ ನಾವು ಒಪ್ಪುತ್ತೇವೆ. ತಾಳ್ಮೆಯೂ ಹಾಗೇ ದಣಿಯುತ್ತದೆ ಎಂದರೆ ಅಷ್ಟು ಸುಲಭವಾಗಿ ಒಪ್ಪುವುದಿಲ್ಲ.

ಗಂಟಲಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೇರೆ ಕೆಲಸದವರಿಗೆ ಹೋಲಿಸಿದರೆ ಟೀಚರ್‌ಗಳಿಗೆ ದನಿಯ ತೊಂದರೆ ಜಾಸ್ತಿ. ಗದ್ದಲದ ಮೇಲೆ ದನಿ ಏರಿಸಿ ಮಾತಾಡಿದವರು ಸಂಜೆ ಸುಮ್ನೆ ಕೂತರೆ, ಅದು ಎಷ್ಟೋ ಸಲ ಮುನಿಸಲ್ಲ. ಗಂಟಲು ನಿಜವಾಗಿಯೂ ಸೋತಿರುತ್ತದೆ.

ಮನೆಗೆ ಬರುವ ಮೂರು ದಾರಿ

ಕೆಲಸಕ್ಕೂ ಮನೆಗೂ ನಡುವೆ ತಿಕ್ಕಾಟ ಹುಟ್ಟುವುದು ಮೂರು ಬಗೆಯಲ್ಲಿ ಎಂದು 1985ರಲ್ಲಿ ಜೆಫ್ರಿ ಗ್ರೀನ್‌ಹೌಸ್ ಮತ್ತು ನಿಕೋಲಸ್ ಬ್ಯೂಟೆಲ್ ಎಂಬ ಸಂಶೋಧಕರು ವಿವರಿಸಿದರು. ಅದು ಇವತ್ತಿಗೂ ಬಳಕೆಯಲ್ಲಿದೆ.

ಮೊದಲನೆಯದು ಹೊತ್ತು. ಪೇಪರ್ ತಿದ್ದುವುದು, ನಾಳೆಯ ಪಾಠಕ್ಕೆ ತಯಾರಿ, ಅಂಕ ತುಂಬುವುದು, ಪೋಷಕರ ಮೆಸೇಜುಗಳಿಗೆ ಉತ್ತರ. ಇವೆಲ್ಲ ಶಾಲೆಯ ಗಂಟೆಯೊಳಗೆ ಮುಗಿಯುವುದಿಲ್ಲ. ಒಇಸಿಡಿ (ಆರ್ಥಿಕ ಸಹಕಾರಕ್ಕಾಗಿ ಹಲವು ದೇಶಗಳು ಸೇರಿ ಕಟ್ಟಿಕೊಂಡ ಸಂಸ್ಥೆ) ಹಲವು ದೇಶಗಳ ಶಿಕ್ಷಕರನ್ನು ಮಾತಾಡಿಸಿ ಮಾಡಿದ 2018ರ ಸಮೀಕ್ಷೆಯಲ್ಲಿ, ಪಾಠ ಹೇಳುವುದಕ್ಕೆ ಹೋಗುತ್ತಿದ್ದದ್ದು ಒಟ್ಟು ಕೆಲಸದ ಹೊತ್ತಿನಲ್ಲಿ ಸುಮಾರು ಅರ್ಧ ಮಾತ್ರ. ಒತ್ತಡಕ್ಕೆ ಕಾರಣ ಏನು ಎಂದು ಕೇಳಿದಾಗ ಹೆಚ್ಚು ಜನ ಹೇಳಿದ್ದು ಆಡಳಿತದ ಕಾಗದಪತ್ರದ ಕೆಲಸವನ್ನು. ಹಾಗೆ ನೋಡಿದರೆ, ಈ ಹೊತ್ತನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ಹೊಸ ಬೇಡಿಕೆಯೇನಲ್ಲ. 1966ರ ಅಕ್ಟೋಬರ್ 5ರಂದು ಯುನೆಸ್ಕೋ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಒಪ್ಪಿದ ಶಿಫಾರಸಿನಲ್ಲೇ, ಪಾಠದ ಗಂಟೆ ನಿಗದಿ ಮಾಡುವಾಗ ತಯಾರಿಗೆ ಮತ್ತು ಮಕ್ಕಳ ಕೆಲಸ ತಿದ್ದುವುದಕ್ಕೆ ಬೇಕಾದ ಹೊತ್ತನ್ನೂ ಗಮನಿಸಬೇಕು ಎಂದಿದೆ.

ಎರಡನೆಯದು ದಣಿವು. ಮನೆಯಲ್ಲೇ ಇದ್ದಾರೆ, ಕೆಲಸವನ್ನೂ ಮಾಡುತ್ತಿಲ್ಲ, ಆದರೆ ಯಾರಿಗೂ ಸಿಗುವ ಸ್ಥಿತಿಯಲ್ಲಿ ಇಲ್ಲ.

ಮೂರನೆಯದು ನಡವಳಿಕೆ. ಮೂರರಲ್ಲಿ ಇದರ ಬಗ್ಗೆ ಮಾತು ಕಡಿಮೆ, ಆದರೆ ಟೀಚರ್‌ಗಳ ಮನೆಯಲ್ಲಿ ಇದೇ ಎದ್ದು ಕಾಣುತ್ತದೆ. ಒಂದು ಜಾಗದಲ್ಲಿ ಉಪಯೋಗಕ್ಕೆ ಬರುವ ರೀತಿ ಇನ್ನೊಂದು ಜಾಗದಲ್ಲಿ ಎಡವಟ್ಟಾಗುತ್ತದೆ. ತರಗತಿಯಲ್ಲಿ ಸೂಚನೆ ಚಿಕ್ಕದಾಗಿ, ಗಟ್ಟಿಯಾಗಿ ಇರಬೇಕು. ತಪ್ಪು ಕಂಡ ತಕ್ಷಣ ತಿದ್ದಬೇಕು. ಎಲ್ಲದಕ್ಕೂ ಒಂದು ಕ್ರಮ ಬೇಕು. ಅದೇ ರೀತಿ ಮನೆಯಲ್ಲಿ ಹೇಗೆ ಕೇಳಿಸುತ್ತದೆ ನೋಡಿ. ಮಗಳು ತಾನು ಬರೆದ ಕಥೆ ಓದಿ ಎಂದು ಅಪ್ಪನ ಕೈಗೆ ಕೊಡುತ್ತಾಳೆ. ಮೇಷ್ಟ್ರಾಗಿರುವ ಅಪ್ಪನ ಕೈಯಲ್ಲಿ ಪೇಪರ್ ತಿದ್ದುತ್ತಿದ್ದ ಕೆಂಪು ಪೆನ್ನು ಇನ್ನೂ ಹಾಗೇ ಇದೆ. ಮೊದಲ ಸಾಲಿನಲ್ಲೇ ಒಂದು ಒತ್ತಕ್ಷರ ತಪ್ಪಿದೆ. ಕಥೆ ಮುಗಿಯುವ ಮೊದಲೇ ಪೆನ್ನು ಅಲ್ಲಿಗೆ ಹೋಗಿಬಿಡುತ್ತದೆ. ಅಪ್ಪನಿಗೆ ಬೇಸರ ಮಾಡಬೇಕೆಂದು ಇರಲಿಲ್ಲ. ಬೆಳಗ್ಗೆಯಿಂದ ನೂರಾರು ಸಲ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು. ಮಗಳಿಗೆ ಸಿಕ್ಕಿದ್ದು ಮಾತ್ರ ತಿದ್ದಿದ ಒಂದು ಹಾಳೆ.

ಟೀಚರ್ ಮಕ್ಕಳು 'ನಮ್ಮಮ್ಮ ಮನೆಯಲ್ಲೂ ಟೀಚರೇ' ಎನ್ನುವುದು ಇದನ್ನೇ. ಅಪ್ಪನೋ ಅಮ್ಮನೋ ಪಾಠ ಹೇಳುವ ಶಾಲೆಯಲ್ಲೇ ಮಗುವೂ ಓದುತ್ತಿದ್ದರೆ ಇನ್ನೂ ಕಷ್ಟ. ಆ ಮಗುವಿನ ಅಂಕ, ಜಗಳ, ತಡವಾಗಿ ಬಂದದ್ದು ಎಲ್ಲವೂ ಸ್ಟಾಫ್ ರೂಮಿನಲ್ಲಿ ಮೊದಲು ತಿಳಿಯುತ್ತದೆ. ಮನೆಗೆ ಬಂದು ತಾನೇ ಹೇಳಿಕೊಳ್ಳುವ ಅವಕಾಶ ಮಗುವಿಗೆ ಸಿಗುವುದಿಲ್ಲ.

ಸಂಜೆ ಹೊತ್ತು ಮನಸ್ಸಿನಲ್ಲಿ ಏನಾಗುತ್ತಿರುತ್ತದೆ?

ಸ್ವಿಚ್ ಆರಿಸಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗುತ್ತದಲ್ಲ? ಎಷ್ಟು ಜೋರಾಗಿ ತಿರುಗುತ್ತಿತ್ತೋ, ನಿಲ್ಲಲು ಅಷ್ಟು ಹೊತ್ತು ಬೇಕು. ಮನಸ್ಸಿನದೂ ಸುಮಾರಾಗಿ ಹೀಗೇ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಮಾರ್ಕ್ ಕ್ರಾಪ್ಲಿ ಮತ್ತು ಅವರ ಸಹೋದ್ಯೋಗಿ 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಶಾಲಾ ಶಿಕ್ಷಕರಲ್ಲೇ ನೋಡಿತು. ಕೆಲಸ ಮುಗಿಸಿ ಬಂದ ಸಂಜೆ ಗಂಟೆಗೊಮ್ಮೆ ಡೈರಿಯಲ್ಲಿ ಬರೆಯಬೇಕು, ಈಗ ಎಷ್ಟು ಶಾಲೆಯ ಯೋಚನೆ ಬರುತ್ತಿದೆ ಅಂತ. ಎಲ್ಲರಿಗೂ ಹೊತ್ತು ಹೋದಂತೆ ಯೋಚನೆ ಕಡಿಮೆಯಾಗುತ್ತಾ ಬಂತು. ಆದರೆ ಕೆಲಸದ ಒತ್ತಡ ಜಾಸ್ತಿ ಇದ್ದವರಿಗೆ ಮನಸ್ಸು ಇಳಿಯಲು ಜಾಸ್ತಿ ಹೊತ್ತು ಹಿಡಿಯಿತು. ಅಂದರೆ, ಮನೆಯವರೆಲ್ಲ ಒಟ್ಟಿಗೆ ಸೇರುವ ಆ ಕೆಲವೇ ಗಂಟೆಗಳಲ್ಲಿ ಅವರ ತಲೆ ಇನ್ನೂ ಶಾಲೆಯಲ್ಲೇ ಇತ್ತು. ಆಮೇಲೆ ಬಂದ ಇನ್ನೊಂದು ಅಧ್ಯಯನ ಶಿಕ್ಷಕರ ನಿದ್ದೆಯನ್ನು ನೋಡಿತು. ಒತ್ತಡ ಹೆಚ್ಚಿದ್ದವರು ನಿದ್ದೆ ಸರಿಯಾಗಿ ಬರಲಿಲ್ಲ ಎಂದೇ ಹೇಳಿದರು.

ಮನೆಯಲ್ಲಿ ಶಾಲೆಯ ಯೋಚನೆ ಬಂದರೆ ಸಾಕು, ಅದು ಕೆಟ್ಟದ್ದು ಎಂದಲ್ಲ. 'ನಾಳೆ ಭಿನ್ನರಾಶಿಯನ್ನು ಬೇರೆ ಥರ ಹೇಳಿಕೊಡಬೇಕು' ಎಂದು ದಾರಿ ಹುಡುಕುವ ಯೋಚನೆಯಿಂದ ಅಷ್ಟು ತೊಂದರೆಯಿಲ್ಲ. ಕೆಲವರಿಗೆ ಅದು ಖುಷಿಯೂ ಕೊಡುತ್ತದೆ. 'ಅವರು ಎಲ್ಲರ ಮುಂದೆ ನನಗೆ ಹಾಗೆ ಹೇಳಬಹುದಾ?' ಎಂದು ಅದೇ ಗಾಯವನ್ನು ಕೆದಕುತ್ತಾ ಕೂರುವುದಿದೆಯಲ್ಲ, ದೇಹವನ್ನು ಎಚ್ಚರದ ಸ್ಥಿತಿಯಲ್ಲೇ ಹಿಡಿದಿಡುವುದು ಅದು.

ಗಂಡ, ಹೆಂಡತಿಗೆ ದಾಟುವುದು

ಒಬ್ಬರ ಕೆಲಸದ ಒತ್ತಡ ಅದೇ ವ್ಯಕ್ತಿಯ ಮನೆಯ ಬದುಕಿಗೆ ಹರಿಯುವುದು ಒಂದು. ಅವರಿಂದ ಮನೆಯ ಇನ್ನೊಬ್ಬರಿಗೆ ದಾಟುವುದು ಇನ್ನೊಂದು. ಸಂಶೋಧಕರು ಇವೆರಡನ್ನು ಬೇರೆಬೇರೆಯಾಗಿಯೇ ನೋಡುತ್ತಾರೆ. ದಾಟುವುದಕ್ಕೆ ಜಗಳವೇ ಆಗಬೇಕಿಲ್ಲ. ಎದುರಿಗಿರುವವರ ಮುಖ, ದನಿ, ಕೂರುವ ಭಂಗಿ ನಮಗೆ ಗೊತ್ತಿಲ್ಲದೆ ನಮ್ಮ ಮೇಲೂ ಬರುತ್ತವೆ. ಬಾಗಿಲು ಹಾಕಿದ ಸದ್ದಿನಲ್ಲೇ 'ಇವತ್ತು ಏನೋ ಆಗಿದೆ' ಎಂದು ಮನೆಯವರು ಅಂದಾಜು ಮಾಡುತ್ತಾರೆ, ಅಲ್ವಾ?

ಮನೆಗೆಲಸವೂ ದಾಟುತ್ತದೆ. ಪರೀಕ್ಷೆ, ಮೌಲ್ಯಮಾಪನದ ವಾರಗಳಲ್ಲಿ ಒಬ್ಬರ ಪಾಲಿನದು ಇನ್ನೊಬ್ಬರ ತಲೆಗೆ ಬರುತ್ತದೆ. ಕೆಲವು ವಾರದ ಮಾತಾದರೆ ಹೊಂದಿಕೊಂಡು ಹೋಗುತ್ತಾರೆ. ವರ್ಷವಿಡೀ ಹಾಗೇ ಆದರೆ ಒಳಗೊಳಗೇ ಮುನಿಸು ಬೆಳೆಯುತ್ತದೆ. ಟೀಚರ್ ಆಗಿರುವ ಹೆಣ್ಣುಮಕ್ಕಳಿಗೆ ಎಷ್ಟೋ ಮನೆಗಳಲ್ಲಿ ಈ ಹೊಂದಾಣಿಕೆಯೂ ಸಿಗುವುದಿಲ್ಲ. ಶಾಲೆ ಮುಗಿಸಿ ಬಂದ ಮೇಲೆ ಮನೆಯ ಕೆಲಸ ಪೂರ್ತಿ ಅವರಿಗಾಗಿ ಕಾದಿರುತ್ತದೆ. 'ಟೀಚರ್ ಕೆಲಸ ಅಂದ್ರೆ ಆರಾಮ, ಬೇಗ ಮನೆಗೆ ಬರ್ತಾರೆ' ಎಂಬ ಮಾತು ಅವರನ್ನು ಇನ್ನಷ್ಟು ಒಂಟಿ ಮಾಡುತ್ತದೆ.

ದಿನದ ಕಷ್ಟ ಹೇಳಿಕೊಳ್ಳುವುದು ಒಳ್ಳೆಯದೇ. ಆದರೆ ಅದೇ ಘಟನೆಯನ್ನು ದಿನವೂ ಮೊದಲಿನಿಂದ ಕೊನೆಯ ತನಕ ಮತ್ತೆ ಹೇಳುತ್ತಾ ಹೋದರೆ, ಹೇಳುವವರಿಗೆ ಹಗುರಾಗುವುದಿಲ್ಲ, ಕೇಳುವವರಿಗೆ ಭಾರ ಏರುತ್ತದೆ.

ಮಕ್ಕಳಿಗೆ ಏನು ಕಾಣುತ್ತದೆ?

ರೆನಾ ರೆಪೆಟ್ಟಿ ಎಂಬ ಮನಶ್ಶಾಸ್ತ್ರಜ್ಞೆ ಈ ವಿಷಯದಲ್ಲಿ ಹೆಸರಾದವರು. ಅವರು ಮೊದಲು ನೋಡಿದ್ದು ಟೀಚರ್‌ಗಳನ್ನಲ್ಲ, ವಿಮಾನ ಸಂಚಾರ ನಿಯಂತ್ರಿಸುವವರನ್ನು. ಒಂದು ಕ್ಷಣವೂ ಗಮನ ತಪ್ಪಬಾರದ ಕೆಲಸ ಅದು. ಕೆಲಸದ ಹೊರೆ ಜಾಸ್ತಿಯಾದ ದಿನ ಅವರು ಮನೆಯಲ್ಲಿ ಮಾತು ಕಡಿಮೆ ಮಾಡಿ ದೂರ ಸರಿಯುತ್ತಿದ್ದರು. ಕೆಲಸದ ಜಾಗದಲ್ಲಿ ಯಾರ ಜೊತೆಗಾದರೂ ಕಿರಿಕಿರಿ ಆದ ದಿನ ಮಾತ್ರ ಮಕ್ಕಳ ಮೇಲೆ ರೇಗುವುದು ಜಾಸ್ತಿಯಾಗುತ್ತಿತ್ತು. 1997ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೆಲಸಕ್ಕೆ ಹೋಗುವ ತಾಯಂದಿರನ್ನು ಮತ್ತು ಅವರ ಪುಟ್ಟ ಮಕ್ಕಳನ್ನು ನೋಡಿತು. ಅಲ್ಲೂ ಒತ್ತಡದ ದಿನದ ಕೊನೆಗೆ ಅಮ್ಮಂದಿರು ಮಕ್ಕಳ ಜೊತೆ ಮಾತು ಕಡಿಮೆ ಮಾಡಿದ್ದರು.

ಹಾಗಾಗಿ ಮನೆಗೆ ಬರುವ ಒತ್ತಡ ಅಂದ ತಕ್ಷಣ ಕೂಗಾಟವನ್ನಷ್ಟೇ ಊಹಿಸಿಕೊಂಡರೆ ಹೆಚ್ಚಿನದು ತಪ್ಪಿಹೋಗುತ್ತದೆ. ಅದು ಬಹಳ ಸಲ ಮೌನವಾಗಿ ಬರುತ್ತದೆ. ಅಮ್ಮ ಪಕ್ಕದಲ್ಲೇ ಇದ್ದಾಳೆ, 'ಹೂಂ' ಅನ್ನುತ್ತಾಳೆ, ಆದರೆ ಕೇಳಿಸಿಕೊಂಡಿಲ್ಲ ಎಂಬುದು ಮಗುವಿಗೆ ಗೊತ್ತಾಗುತ್ತದೆ. ಚಿಕ್ಕ ಮಕ್ಕಳು ಇದಕ್ಕೆ ತಮ್ಮದೇ ಕಾರಣ ಹುಡುಕಿಕೊಳ್ಳುತ್ತಾರೆ. ಹೆಚ್ಚಾಗಿ ಆ ಕಾರಣ 'ನಾನೇ ಏನೋ ತಪ್ಪು ಮಾಡಿರಬೇಕು' ಎಂದಾಗಿರುತ್ತದೆ.

1999ರಲ್ಲಿ ಎಲೆನ್ ಗಲಿನ್‌ಸ್ಕಿ ಎಂಬ ಸಂಶೋಧಕಿ ಅಮೆರಿಕದಲ್ಲಿ 1000ಕ್ಕೂ ಹೆಚ್ಚು ಮಕ್ಕಳನ್ನು ಒಂದು ಪ್ರಶ್ನೆ ಕೇಳಿದರು. ನಿಮ್ಮ ಅಪ್ಪ ಅಮ್ಮನ ಕೆಲಸ ನಿಮ್ಮ ಬದುಕನ್ನು ತಟ್ಟುವ ರೀತಿಯಲ್ಲಿ ಒಂದನ್ನು ಬದಲಾಯಿಸಬಹುದು ಎಂದರೆ ಏನು ಕೇಳುತ್ತೀರಿ? ಮಕ್ಕಳು ಜಾಸ್ತಿ ಹೊತ್ತು ಕೇಳುತ್ತಾರೆ ಎಂದು ಅರ್ಧಕ್ಕಿಂತ ಹೆಚ್ಚು ಪೋಷಕರು ಊಹಿಸಿದ್ದರು. ಅಮ್ಮನ ವಿಷಯದಲ್ಲಿ ಅದನ್ನು ಕೇಳಿದವರು ಸುಮಾರು ಶೇ 10 ಮಕ್ಕಳು. ಅಮ್ಮನಿಗೆ ಸುಸ್ತು, ಒತ್ತಡ ಕಡಿಮೆಯಾಗಲಿ ಎಂದವರು ಶೇ 34. ಈ ಅಧ್ಯಯನ ಎಲ್ಲ ಉದ್ಯೋಗದ ಪೋಷಕರದ್ದು. ಟೀಚರ್ ಆಗಿರುವ ಪೋಷಕರು ಇದನ್ನು ಓದಲೇಬೇಕು ಅನ್ನಿಸಿತು ನನಗೆ. 'ಹೊತ್ತು ಕೊಡಲು ಆಗುತ್ತಿಲ್ಲ' ಎಂದು ಕೊರಗುವವರಿಗೆ, ಇರುವ ಹೊತ್ತಿನಲ್ಲಿ ಹೇಗೆ ಇರುತ್ತೇವೆ ಎಂಬುದೇ ಮಕ್ಕಳಿಗೆ ದೊಡ್ಡದು ಎಂದು ತಿಳಿದರೆ ಸ್ವಲ್ಪ ದಾರಿ ಕಾಣುತ್ತದೆ.

ಒಳ್ಳೆಯದೂ ಇದೇ ದಾರಿಯಲ್ಲಿ ಮನೆಗೆ ಬರುತ್ತದೆ. ತಿಂಗಳಿನಿಂದ ಓದಲು ಒದ್ದಾಡುತ್ತಿದ್ದ ಹುಡುಗ ಇವತ್ತು ಒಂದು ಪುಟ ತಾನೇ ಓದಿದ ಎಂದು ಹೇಳುತ್ತಾ ಬರುವ ಅಮ್ಮನ ಉತ್ಸಾಹ ಮನೆ ತುಂಬಾ ಹರಡುತ್ತದೆ.

ರಜೆ ಇದೆಯಲ್ಲ?

ಇದೆ, ಉಪಯೋಗವೂ ಇದೆ. ಆದರೆ ಬಹಳ ದಿನ ನಿಲ್ಲುವುದಿಲ್ಲ. ಜರ್ಮನಿಯ ಶಿಕ್ಷಕರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರಜೆಯಿಂದ ಬಂದ ಚೇತರಿಕೆ ಶಾಲೆ ಶುರುವಾಗಿ ಒಂದು ತಿಂಗಳೊಳಗೆ ಇಳಿದುಹೋಗಿತ್ತು. ದಿನದ ದಣಿವಿಗೆ ದಿನದಿನದ ವಿಶ್ರಾಂತಿಯೇ ಬೇಕು. ವರ್ಷದ ನಿದ್ದೆಯನ್ನು ಒಂದೇ ತಿಂಗಳಲ್ಲಿ ಮಲಗಿ ಮುಗಿಸಲು ಆಗುವುದಿಲ್ಲ.

ಏನು ಸಹಾಯ ಮಾಡುತ್ತದೆ?

ಕೆಲಸದ ನಂತರ ಚೇತರಿಸಿಕೊಳ್ಳುವುದರ ಬಗ್ಗೆ ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನೆ ಝೋನೆನ್‌ಟಾಗ್ ಹಲವು ವರ್ಷ ಅಧ್ಯಯನ ಮಾಡಿದ್ದಾರೆ. ಕೆಲಸವನ್ನು ಮನಸ್ಸಿನಿಂದ ಕಳಚಿಡುವುದು, ಹಾಯಾಗಿರುವುದು, ಕೆಲಸಕ್ಕೆ ಸಂಬಂಧವೇ ಇಲ್ಲದ ಏನನ್ನಾದರೂ ಕಲಿಯುವುದು, ತನ್ನ ಬಿಡುವು ತನ್ನ ಹಿಡಿತದಲ್ಲಿ ಇರುವುದು. ಈ ನಾಲ್ಕನ್ನು ಅವರು ಗುರುತಿಸುತ್ತಾರೆ. ಮೊದಲನೆಯದೇ ಕಷ್ಟದ್ದು.

ಕಳಚಿಡಲು ಸುಲಭವಾದ ಒಂದು ದಾರಿ ಇದೆ. ಶಾಲೆ ಬಿಡುವ ಮೊದಲು ಐದು ನಿಮಿಷ ಕೂತು, ಉಳಿದ ಕೆಲಸ ಯಾವುದು, ಅದನ್ನು ನಾಳೆ ಯಾವ ಹೊತ್ತಿನಲ್ಲಿ ಮಾಡುತ್ತೇನೆ ಎಂದು ಬರೆದಿಡುವುದು. ಬರೀ ಪಟ್ಟಿ ಸಾಲದು, ಯಾವಾಗ ಎಂಬುದನ್ನೂ ಬರೆಯಬೇಕು. ಹೊತ್ತು ಗೊತ್ತಾದ ಕೆಲಸ ತಲೆಯೊಳಗೆ ಅಷ್ಟು ಕಾಡುವುದಿಲ್ಲ. ಮನೆಯಲ್ಲಿ ಪೇಪರ್ ತಿದ್ದಲೇಬೇಕಾದರೆ ಅದಕ್ಕೊಂದು ಜಾಗ, ಒಂದು ಹೊತ್ತು ಇಟ್ಟುಕೊಳ್ಳುವುದು. ಸೋಫಾ, ಹಾಸಿಗೆ, ಊಟದ ಮೇಜು ಎಲ್ಲ ಕಡೆ ಉತ್ತರಪತ್ರಿಕೆ ಹರಡಿಕೊಂಡರೆ ಮನೆಯಲ್ಲಿ ಶಾಲೆ ಇಲ್ಲದ ಮೂಲೆಯೇ ಉಳಿಯುವುದಿಲ್ಲ.

ಮನೆಯವರಿಗೆ ಮೊದಲೇ ಹೇಳಿ ಒಪ್ಪಿಸಿಕೊಂಡ ಸ್ವಲ್ಪ ಹೊತ್ತಿನ ಮೌನವೂ ಬೇಕು. ಬಂದ ತಕ್ಷಣ ಅರ್ಧ ಗಂಟೆ ಯಾರೂ ಏನೂ ಕೇಳುವುದಿಲ್ಲ, ಆಮೇಲೆ ಅಮ್ಮ ಪೂರ್ತಿ ನಿನ್ನವಳು ಎಂದು ಮಗುವಿಗೆ ಹೇಳಿದರೆ ಮಗು ಕಾಯುತ್ತದೆ. ಹೇಳದೆ ಮೌನವಾದರೆ ಹೆದರುತ್ತದೆ. ರೇಗಿದ ದಿನ ಮಲಗುವ ಮೊದಲು "ಇವತ್ತು ಅಮ್ಮನಿಗೆ ಶಾಲೇಲಿ ತುಂಬಾ ಸುಸ್ತಾಗಿತ್ತು. ಕೋಪ ನಿನ್ನ ಮೇಲಲ್ಲ" ಎಂದು ಹೇಳಬೇಕು. ಇದನ್ನು ಬಿಡಲೇಬಾರದು. ಮಗು ಕಟ್ಟಿಕೊಂಡ ತಪ್ಪು ಕಾರಣವನ್ನು ಬಿಡಿಸಲು ಇದಕ್ಕಿಂತ ನೇರವಾದದ್ದು ಇಲ್ಲ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಮೊದಲು ಖುಷಿ ಕೊಡುತ್ತಿದ್ದ ಯಾವುದೂ ಬೇಡವಾದರೆ, ಬೆಳಗ್ಗೆ ಶಾಲೆಯ ನೆನಪಿಗೇ ಎದೆ ಹೊಡೆದುಕೊಂಡರೆ, ಮನೆಯ ಹೊಂದಾಣಿಕೆಯನ್ನಷ್ಟೇ ನಂಬಿ ಕೂರಬಾರದು, ವೈದ್ಯರನ್ನು ನೋಡಬೇಕು. ಬದುಕೇ ಬೇಡ ಎಂಬ ಮಾತು ಬಂದರೆ ಅದೇ ದಿನ ನೋಡಬೇಕು. ಈ ಬದಲಾವಣೆ ಮೊದಲು ಕಣ್ಣಿಗೆ ಬೀಳುವುದು ಮನೆಯವರಿಗೇ, ಅನುಭವಿಸುತ್ತಿರುವವರಿಗಲ್ಲ.

ಇಷ್ಟೆಲ್ಲ ಮಾಡಿದರೂ ಟೀಚರ್ ಮತ್ತು ಅವರ ಮನೆಯವರು ಸರಿಮಾಡಲಾಗದ ಭಾಗ ಒಂದಿದೆ. ತರಗತಿಯಲ್ಲಿ ಎಷ್ಟು ಮಕ್ಕಳು ಇರಬೇಕು, ಒಂದೇ ಮಾಹಿತಿಯನ್ನು ಎಷ್ಟು ಕಡೆ ತುಂಬಬೇಕು, ಪೋಷಕರು ಎಷ್ಟು ಗಂಟೆಯವರೆಗೆ ಮೆಸೇಜ್ ಮಾಡಬಹುದು, ತಿದ್ದಲು ಶಾಲೆಯ ಹೊತ್ತಿನಲ್ಲೇ ಪೀರಿಯಡ್ ಸಿಗುತ್ತದಾ ಇಲ್ಲವಾ ಎಂಬುದನ್ನು ನಿರ್ಧರಿಸುವವರು ಶಾಲೆಯ ಆಡಳಿತದವರು ಮತ್ತು ಸರ್ಕಾರದವರು. ರಾತ್ರಿ ಗ್ರೂಪಿಗೆ ಬರುವ ಸೂಚನೆಯನ್ನು ಮರುದಿನ ಬೆಳಗ್ಗೆ ಕಳಿಸಿದರೆ ಶಾಲೆಗೆ ಏನೂ ಖರ್ಚಿಲ್ಲ. ಒಂದು ಮನೆಯ ಸಂಜೆ ಉಳಿಯುತ್ತದೆ.